ಮಗಳಿಗೊಂದು ಪತ್ರ: ಗ್ರಹಣದ ದಿನದ ಮಾವಿನ ಮಿಡಿ

ಅಂಕೋಲಾ
10 ಸೆಪ್ಟೆಂಬರ್ 2025

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟು ಮೂರು ದಿನ ಆಯಿತು. ಅವತ್ತು ನಾವಿಬ್ಬರೂ ಏನೇನು ಆಡಿದೆವು ಅಂತ ಮತ್ತೆ ಬರೆಯೋದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಮತ್ತೆ ಫೋನ್ ಮಾಡಿದರೆ ಅದೇ ಜಗಳ ಮುಂದುವರಿಯುತ್ತದೆ. ವಾಟ್ಸಾಪಿನಲ್ಲಿ ಹೇಳುವಂಥ ವಿಷಯವೂ ಇದಲ್ಲ. ಅದಕ್ಕೇ ಶಾಲೆಯಿಂದ ಬಂದವಳು ಮಕ್ಕಳ ನೋಟ್‌ಬುಕ್ಕಿನ ಕಟ್ಟನ್ನು ಬದಿಗಿಟ್ಟು ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಒಂದು ಮಾತು ಮಾತ್ರ ಕಿವಿಯಲ್ಲೇ ಉಳಿದಿದೆ. "ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದು ಗ್ರಹಣ ತೋರಿಸಿದವಳು ನೀನೇ ಅಲ್ವಾ ಅಮ್ಮಾ? ನಿನ್ನ ವಿಜ್ಞಾನ ಬೇರೆಯವರ ಮಕ್ಕಳಿಗೆ ಮಾತ್ರವಾ?"

ಹೌದು, ನಾನೇ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನ ಕಡೆ ಕಂಕಣ ಗ್ರಹಣ, ನಮ್ಮಲ್ಲಿ ಸೂರ್ಯನ ಬಹುಪಾಲು ಮುಚ್ಚಿತ್ತು. ಶಾಲೆಯ ಮಾವಿನ ಮರದ ಕೆಳಗೆ ಎಲೆಯ ಸಂದಿಯಿಂದ ಬಿದ್ದ ನೂರಾರು ಪುಟ್ಟ ಪುಟ್ಟ ಕೊರೆದ ಸೂರ್ಯರನ್ನು ಮಕ್ಕಳಿಗೆ ತೋರಿಸಿದೆ. ಅದು ಬಿಡುವ ಮೊದಲೇ ಅವಲಕ್ಕಿ ಹಂಚಿದೆ, ನಾನೂ ತಿಂದೆ. ಆ ದಿನ ನನಗೆ ಚೂರೂ ಭಯ ಇರಲಿಲ್ಲ. ಈ ಭಾನುವಾರ ಚಂದ್ರಗ್ರಹಣ ಅಂದಾಗ ಮಾತ್ರ ರಾತ್ರಿ ಎಂಟು ಗಂಟೆಗೆ ಬಸುರಿಯಾದ ನಿನಗೆ ಫೋನ್ ಮಾಡಿ "ಬಾಗಿಲು ಹಾಕ್ಕೊಂಡು ಮಲಗು, ಏನೂ ಕತ್ತರಿಸಬೇಡ" ಅಂದೆ. ಹೇಳುವಾಗ ನನ್ನ ದನಿ ನನಗೇ ಅಜ್ಜಿಯ ದನಿಯ ಹಾಗೆ ಕೇಳಿಸಿತು.

ನಾನು ರಾಹುವಿಗೆ ಹೆದರಿದ್ದಲ್ಲ ಪುಟ್ಟಿ. ಯಾವುದಕ್ಕೆ ಹೆದರಿದೆ ಅಂತ ಹೇಳಬೇಕು ಅಂದರೆ 45 ವರ್ಷ ಯಾರಿಗೂ ಹೇಳದ ಒಂದು ವಿಷಯ ಹೇಳಬೇಕು. ನಿನ್ನ ಅಪ್ಪನಿಗೂ ಹೇಳಿಲ್ಲ.

1980ರ ಫೆಬ್ರುವರಿ 16, ಶನಿವಾರ. ನನಗೆ ಒಂಬತ್ತು ವರ್ಷ. ಆ ದಿನದ ಖಗ್ರಾಸ ಸೂರ್ಯಗ್ರಹಣದ ನೆರಳು ಆಫ್ರಿಕಾ ದಾಟಿ, ಅರಬ್ಬಿ ಸಮುದ್ರದ ಮೇಲೆ ಓಡಿ ಬಂದು, ನಮ್ಮ ಅಂಕೋಲಾದ ಹತ್ತಿರವೇ ದಡ ಹತ್ತಿತು. ಅಲ್ಲಿಂದ ರಾಯಚೂರಿನ ಕಡೆ ಹೋಗಿ, ಒಡಿಶಾದ ಕರಾವಳಿಯಲ್ಲಿ ಮತ್ತೆ ಸಮುದ್ರಕ್ಕಿಳಿಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಯಂತ್ರಗಳನ್ನು ಹೂಡಿಕೊಂಡು ಆಕಾಶ ನೋಡುತ್ತ ಕಾದಿದ್ದರು. ಒಂದೇ ಊರಿನ ಮೇಲೆ ಇಂಥ ಪೂರ್ಣ ನೆರಳು ಬೀಳೋದು ಸರಾಸರಿ 375 ವರ್ಷಕ್ಕೊಮ್ಮೆ. ಅಂಥದ್ದು ನಮ್ಮ ಮನೆಯ ಮಾಡಿನ ಮೇಲೇ ಹಾದು ಹೋಯಿತು. ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು.

ಗಂಗಾವಳಿ ದಡದ ಆ ಹಳೇ ಮನೆಯನ್ನು ನೀನು ನೋಡಿಲ್ಲ. ನೀನು ಹುಟ್ಟುವ ಮೊದಲೇ ಬಿತ್ತು. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ. ಅವತ್ತು ಬೆಳಗಿನಿಂದಲೇ ಊರಿಗೆ ಊರೇ ಸಪ್ಪಗಿತ್ತು. ಗಂಡಸರು ಹೊಳೆಗೆ ದೋಣಿ ಇಳಿಸಲಿಲ್ಲ. ಅಜ್ಜಿ ಉಪ್ಪಿನ ಮಡಕೆ, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ಗರಿಕೆ ಇಟ್ಟಳು. ಬಾವಿಯಿಂದ ತಂದಿದ್ದ ನೀರು ಚೆಲ್ಲಿದಳು. ಮಧ್ಯಾಹ್ನಕ್ಕೆ ಕಿಟಕಿ ಬಾಗಿಲೆಲ್ಲ ಮುಚ್ಚಿದ್ದಾಯಿತು. ನಡುಮನೆಯ ಪಕ್ಕದ ಕೋಣೆಯಲ್ಲಿ ಚಿಕ್ಕಿ ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದಳು. ನೀನು ಚಿಕ್ಕಜ್ಜಿ ಅನ್ನುತ್ತೀಯಲ್ಲ, ಅವಳೇ. ಇಪ್ಪತ್ತೋ ಇಪ್ಪತ್ತೊಂದೋ ಅವಳ ವಯಸ್ಸು. ಬಸುರಿ, ಆರು ತುಂಬಿ ಏಳಕ್ಕೆ ಬಿದ್ದಿತ್ತು. ಕೈಕಾಲು ಮಡಚಬಾರದು, ಮಗ್ಗುಲಾಗಬಾರದು, ಸೂಜಿ ಹಿಡಿಯಬಾರದು, ಕತ್ತಿ ಮುಟ್ಟಬಾರದು ಅಂತ ಅಜ್ಜಿ ಹೇಳಿದ್ದಳು. ಬೆಳಗಿನಿಂದ ಹೊಟ್ಟೆಗೂ ಏನೂ ಇಲ್ಲ.

ನಾನು ನಡುಮನೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ಹಂಚಿನ ಸಂದಿಯಿಂದ ದಿನಾ ನೆಲದ ಮೇಲೆ ಬಿಸಿಲಿನ ನಾಣ್ಯಗಳು ಬೀಳುತ್ತಿದ್ದವು. ಅವತ್ತು ನೋಡುತ್ತೇನೆ, ನಾಣ್ಯದ ಒಂದು ಬದಿ ಯಾರೋ ಕಚ್ಚಿದ ಹಾಗಿದೆ. ಒಂದಲ್ಲ, ಎಲ್ಲವೂ. ಎಲ್ಲದರಲ್ಲೂ ಕಚ್ಚಿದ್ದು ಒಂದೇ ಬದಿ. ನೋಡುತ್ತಿದ್ದ ಹಾಗೇ ಸಣ್ಣಗಾಗುತ್ತ ಉಗುರಿನ ತುಂಡಿನ ಹಾಗಾದವು. "ಅಜ್ಜೀ, ನೆಲದ ಮೇಲೆ ಚಂದ್ರ ಬಂದಾನೆ" ಅಂದೆ. ಅಜ್ಜಿ ಬೆಚ್ಚಿ ಗೋಣಿಚೀಲ ತಂದು ಅವುಗಳ ಮೇಲೆ ಹಾಸಿದಳು. ಚೀಲದ ಮೇಲೂ ಅವು ಹಾಗೇ ಇದ್ದವು. ಮಾಡಿನ ಒಂದೊಂದು ತೂತೂ ಸೂರ್ಯನ ಚಿತ್ರವನ್ನು ಕೆಳಗಿಳಿಸುತ್ತಿತ್ತು ಅಂತ ತಿಳಿದದ್ದು ಕಾಲೇಜಿಗೆ ಹೋದಮೇಲೆ. ದಿನಾ ಅದು ದುಂಡಗೆ ಕಾಣುತ್ತಿದ್ದದ್ದು ತೂತು ದುಂಡಗಿದ್ದದ್ದಕ್ಕಲ್ಲ, ಸೂರ್ಯ ದುಂಡಗಿರೋದಕ್ಕೆ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುವಾಗಲೂ ನನಗೆ ಆ ಗೋಣಿಚೀಲ ಕಣ್ಣಿಗೆ ಬರುತ್ತದೆ.

ಅಜ್ಜಿ ಕಣ್ಣು ಮುಚ್ಚಿ ಜಪಕ್ಕೆ ಕೂತಳು. ನಾನು ಸುಮ್ನೆ ಎದ್ದು ಅಡಿಗೆಮನೆಗೆ ಹೋದೆ. ಅಲ್ಲಿ ಚಿಕ್ಕಿ ಇದ್ದಳು. ಈಳಿಗೆಮಣೆಯ ಮೇಲೆ ಕೂತು ಒಂದು ಮಾವಿನ ಮಿಡಿ ಕೊಯ್ಯುತ್ತಿದ್ದಳು. ಆ ವರ್ಷದ ಮೊದಲ ಮಿಡಿ, ಹೆಬ್ಬೆರಳಿನಷ್ಟು ದೊಡ್ಡದು. ಸೊನೆಯ ವಾಸನೆ ಈಗಲೂ ಮೂಗಿನಲ್ಲಿದೆ. ನನ್ನನ್ನು ನೋಡಿ ಒಮ್ಮೆ ಗಾಬರಿಯಾದಳು. ಆಮೇಲೆ ನಕ್ಕಳು. ತುಟಿಯ ಮೇಲೆ ಬೆರಳಿಟ್ಟು, ಅರ್ಧ ಹೋಳಿಗೆ ಉಪ್ಪು ಮುಟ್ಟಿಸಿ ನನ್ನ ಬಾಯಿಗಿಟ್ಟಳು. ಇನ್ನರ್ಧ ತಾನು ತಿಂದಳು. ಇಬ್ಬರೂ ಶಬ್ದ ಮಾಡದೆ ಅಗಿದೆವು.

ಸುಮಾರು ಮೂರೂವರೆಯ ಮೇಲೆ ಕತ್ತಲಾಯಿತು. ಸಂಜೆಯ ಕತ್ತಲು ನಿಧಾನ ಬರುತ್ತದೆ, ಇದು ಹಾಗಲ್ಲ, ಯಾರೋ ಕಂಬಳಿ ಹೊದಿಸಿದ ಹಾಗೆ. ಕಾಗೆಗಳೆಲ್ಲ ಒಟ್ಟಿಗೇ ಕೂಗಿದವು. ಹಿತ್ತಲಲ್ಲಿ ಕೋಳಿಗಳು ಗೂಡಿಗೆ ಓಡುವ ಸದ್ದು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬಂತು. ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಎರಡು ನಿಮಿಷಕ್ಕೂ ಮಿಕ್ಕಿ ಹಾಗಿತ್ತು. ಆಮೇಲೆ ಎಲ್ಲೋ ಒಂದು ಹುಂಜ ಕೂಗಿತು. ಆಚೆ ಏನಿತ್ತು ಅಂತ ನಾನು ನೋಡಲಿಲ್ಲ.

ಮೇ ತಿಂಗಳಲ್ಲಿ, ಇಶಾಡ ಮಾವಿನ ಹಣ್ಣು ಬೀಳುವ ಹೊತ್ತಿಗೆ, ಚಿಕ್ಕಿಗೆ ಗಂಡು ಕೂಸು ಆಯಿತು. ಮೇಲ್ದುಟಿ ಮೂಗಿನ ತನಕ ಸೀಳಿತ್ತು. ನಿನ್ನ ಮೀಸೆ ಮಾವ. ಬೇಸಿಗೆಯಲ್ಲೂ ಮಾವ ಯಾಕೆ ಅಷ್ಟು ದಪ್ಪ ಮೀಸೆ ಬಿಡುತ್ತಾನೆ ಅಂತ ಚಿಕ್ಕವಳಿದ್ದಾಗ ನೀನು ಕೇಳಿದ್ದೆ, ನಾನು ಮಾತು ಹಾರಿಸಿದ್ದೆ. ಕೂಸಿಗೆ ಮೊಲೆ ಚೀಪಲು ಬರುತ್ತಿರಲಿಲ್ಲ. ಚಿಕ್ಕಿ ಹಾಲು ಹಿಂಡಿ ಒಳಲೆಯಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದಳು. ಅರ್ಧ ಮೂಗಿನಿಂದ ಆಚೆ ಬರುತ್ತಿತ್ತು. ಒರೆಸುವುದು, ಮತ್ತೆ ಬಿಡುವುದು. ಹಗಲೂ ರಾತ್ರಿ ಅದೇ.

ಒಂದು ದಿನ ಜಗಲಿಯ ಮೇಲೆ ನೆರೆಮನೆಯ ಹೆಂಗಸರು ಕೂತಿದ್ದರು. "ಗ್ರಹಣದ ದಿನ ಏನೋ ಕೊಯ್ದಿರಬೇಕು ಇವಳು" ಅಂದರು. ಅಜ್ಜಿ "ಇಲ್ಲ, ನಾನೇ ಮಲಗಿಸಿದ್ದೆ" ಅಂದಳು. ನಾನು ಕಂಬಕ್ಕೆ ಆತು ನಿಂತಿದ್ದೆ. ದೊಡ್ಡವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. "ಇಲ್ಲ ಅಜ್ಜೀ, ಚಿಕ್ಕಿ ಮಾವಿನ ಮಿಡಿ ಕೊಯ್ದಳು. ನಾ ನೋಡಿದ್ದೆ" ಅಂದೆ.

ಅರ್ಧ ಹೋಳು ನಾನೂ ತಿಂದೆ ಅಂತ ಹೇಳಲಿಲ್ಲ.

ಅಜ್ಜಿ ಬೈಯಲಿಲ್ಲ. "ಹೌದಾ?" ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೇ. ಆದರೆ ಆ ದಿನದಿಂದ ಚಿಕ್ಕಿ ಊರಿನವರ ಬಾಯಲ್ಲಿ ಬೇರೆಯೇ ಆದಳು. ಮಗನ ತುಟಿ ತಾನೇ ಕೊಯ್ದವಳು. ಚಿಕ್ಕಪ್ಪ ಅವಳ ಜೊತೆ ಮಾತು ಕಡಿಮೆ ಮಾಡಿದರು. ಬಸುರಿ ಇರುವ ಮನೆಯವರು ಅವಳನ್ನು ಕರೆಯುವುದು ಬಿಟ್ಟರು. ಕೆಲವರು ಕರೆದರೂ ಇವಳೇ ಹೋಗಲಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ನನ್ನ ಬಯಕೆ ಊಟಕ್ಕೂ ಬರಲಿಲ್ಲ. ಹಿತ್ತಲ ಬಾಗಿಲಿನಿಂದ ಒಂದು ಡಬ್ಬಿ ಕೊಟ್ಟು ಹೋಗಿದ್ದಳು. ಅದರಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ನನಗೆ ಬಾಯಿಗಿಡಲು ಆಗಲಿಲ್ಲ.

ಎಷ್ಟು ಬರೆದೆ ನೋಡು, ಇಷ್ಟೆಲ್ಲ ಬರೆಯಬೇಕು ಅಂತ ಕೂತವಳಲ್ಲ. ಆದರೆ ಶುರು ಮಾಡಿದರೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತೇನೆ.

2003ರಲ್ಲಿ ನಮ್ಮ ಶಾಲೆಗೆ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರೊಬ್ಬರು ಸೀಳುತುಟಿಯ ಬಗ್ಗೆ ಮಾತಾಡುತ್ತ ಒಂದು ಪಟ ತೋರಿಸಿದರು. ಬಸಿರಿನ ನಾಲ್ಕನೇ ವಾರದಿಂದ ಏಳನೇ ವಾರದೊಳಗೆ ಕೂಸಿನ ತುಟಿ ಕೂಡಿಕೊಳ್ಳುತ್ತದೆ. ಆಗ ಕೂಡದೆ ಉಳಿದರೆ ಸೀಳು. ಮನೆತನದಿಂದ ಬಂದದ್ದು, ತಾಯಿಯ ಮೈಯ ಸ್ಥಿತಿ, ಹೀಗೆ ಹಲವು ಕಾರಣ ಸೇರಿ ಆಗುವುದು. ಸುಮಾರು 700 ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಗ್ರಹಣ ಇರಲಿ ಬಿಡಲಿ. ನಾನು ಅಲ್ಲೇ ನಿಂತು ಬೆರಳು ಮಡಚಿ ಎಣಿಸಿದೆ. ಮೇ ತಿಂಗಳಲ್ಲಿ ಹುಟ್ಟಿದ ಕೂಸು. ಅದರ ತುಟಿಯ ವಿಷಯ 1979ರ ದಸರಾದ ಹೊತ್ತಿಗೇ ಮುಗಿದಿತ್ತು. ಗ್ರಹಣ ಬರುವಾಗ ಅದಾಗಿ ನಾಲ್ಕು ತಿಂಗಳ ಮೇಲಾಗಿತ್ತು. ಆ ಮಿಡಿ ಮರದಲ್ಲಿ ಹೂ ಕೂಡ ಆಗಿರಲಿಲ್ಲ.

ಅವತ್ತು ಸಂಜೆಯ ಬಸ್ಸಿಗೇ ಊರಿಗೆ ಹೋದೆ. ಚಿಕ್ಕಿ ಹಿತ್ತಲಲ್ಲಿ ಬಳಚು ಬಿಡಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಚಿಪ್ಪು ಒಂದು ಬದಿ, ಮಾಂಸ ಒಂದು ಬದಿ ಹಾಕುತ್ತಲೇ ಇದ್ದಳು. ಸುಮಾರು ಹೊತ್ತಿನ ಮೇಲೆ ಕೇಳಿದಳು, "ಹಂಗಾದ್ರೆ ದಸರಾಕ್ಕೇ ಆಗಿ ಹೋಗಿತ್ತು?"

"ಹೌದು ಚಿಕ್ಕಿ."

"ದಸರಾದಲ್ಲಿ ನಾ ಏನೂ ಮಾಡಿರಲಿಲ್ಲ" ಅಂದಳು.

ಈ ಮಾತಿಗೆ ನಾನು ಏನು ಹೇಳಲಿ ಪುಟ್ಟಿ? ತಪ್ಪು ಅವಳದ್ದಲ್ಲ ಅಂತ ಹೇಳಲು ಹೋದೆ. ಅವಳು ಕೂಡಲೇ ದಸರಾದಲ್ಲಿ ತನ್ನ ತಪ್ಪು ಹುಡುಕಿದಳು. ಅಷ್ಟು ವರ್ಷ ಹೊತ್ತದ್ದನ್ನು ಒಂದೇ ಸಲಕ್ಕೆ ಇಳಿಸಲು ಅವಳಿಗೆ ಬರಲಿಲ್ಲ. ಮಿಡಿಯ ವಿಷಯ ಅಜ್ಜಿಗೆ ಯಾರು ಹೇಳಿದರು ಅಂತ ಕೇಳಲಿಲ್ಲ. ಅಡಿಗೆಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವಳಿಗೆ ಮೊದಲಿನಿಂದಲೂ ಗೊತ್ತು. "ಊಟ ಮಾಡಿಕೊಂಡು ಹೋಗು" ಅಂದಳು. ಊಟ ಮಾಡಿ ಬಂದೆ. ತಪ್ಪಾಯಿತು ಅಂತ ಹೇಳಲೇ ಇಲ್ಲ.

ಈಗ ತಿಳಿಯಿತಾ ಭಾನುವಾರ ನಾನು ಹೆದರಿದ್ದು ಯಾವುದಕ್ಕೆ ಅಂತ? ನಾಳೆ ನಿನ್ನ ಕೂಸಿಗೆ ಏನೋ ಒಂದು ಸಣ್ಣದು ಆಯಿತು ಅಂದುಕೋ. ಒಂದು ಮಚ್ಚೆ, ಒಂದು ಬೆರಳು ಡೊಂಕು. ಆಗ ಯಾರಾದರೂ "ಅವತ್ತು ಟೆರೇಸಿನ ಮೇಲೆ ನಿಂತಿದ್ದಳಲ್ಲ" ಅನ್ನುತ್ತಾರೆ. ಆ ಒಂದು ಮಾತು ನಿನಗೆ ಬರಬಾರದು ಅಂತ ಬಾಗಿಲು ಹಾಕು ಅಂದೆ. ಆದರೆ ಹಾಗೆ ಹೇಳಿದ ಹೊತ್ತಿಗೆ ನಾನೂ ಆ ಜಗಲಿಯ ಹೆಂಗಸರ ಜೊತೆಗೇ ಹೋಗಿ ಕೂತ ಹಾಗಾಯಿತು. ಅದು ತಪ್ಪು. ನಿನ್ನ ಸಿಟ್ಟು ಸರಿ ಇತ್ತು.

ಚಂದ್ರಗ್ರಹಣ ಬರಿಗಣ್ಣಿನಿಂದ ನೋಡಿದರೆ ಯಾರಿಗೂ ಏನೂ ಆಗುವುದಿಲ್ಲ, ಬಸುರಿಗೂ. ಸೂರ್ಯಗ್ರಹಣದಲ್ಲಿ ಮಾತ್ರ ಸೂರ್ಯ ಪೂರ್ತಿ ಮುಚ್ಚದೆ ಇರುವಾಗ ನೇರ ನೋಡಿದರೆ ಕಣ್ಣು ಸುಡುತ್ತದೆ. ಅಷ್ಟರ ಮಟ್ಟಿಗೆ ಅಜ್ಜಿಯ "ನೋಡಬೇಡ" ಸರಿ ಇತ್ತು. ಇದೆಲ್ಲ ನಿನಗೆ ಗೊತ್ತಿದೆ, ಆದರೂ ನನ್ನ ಬಾಯಿಂದ ಒಮ್ಮೆ ಬರಲಿ ಅಂತ ಬರೆದೆ.

ಆದರೆ ಅವತ್ತು ನೀನು "ನಿಮ್ಮ ಅಜ್ಜಿಯ ಕಾಲದ ಕಥೆಗಳನ್ನೆಲ್ಲ ಸುಟ್ಟು ಹಾಕಬೇಕು" ಅಂದೆ. ಅದನ್ನು ಮಾತ್ರ ನಾನು ಒಪ್ಪೋದಿಲ್ಲ. ಪಾಠ ಶುರು ಮಾಡಿದಳು ಅಂತ ಅನ್ನಬೇಡ, ಸ್ವಲ್ಪ ಕೇಳು.

ಅಜ್ಜಿ ನನ್ನನ್ನು ಅಮಾವಾಸ್ಯೆ, ಹುಣ್ಣಿಮೆಯ ಇಳಿತಕ್ಕೆ ಬಳಚು ಆರಿಸಲು ಹೊಳೆಬಾಯಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ದಿನಗಳಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. "ಚಂದ್ರ ಸಮುದ್ರದ ಮಗ. ಕಡೆದಾಗ ಅದರ ಹೊಟ್ಟೆಯಿಂದ ಬಂದವನು. ಮಗನನ್ನು ಕಂಡರೆ ಅಪ್ಪನ ಎದೆ ಉಕ್ಕುತ್ತದೆ" ಅನ್ನುತ್ತಿದ್ದಳು. ಅದರ ಜೊತೆಗೇ "ಉಬ್ಬರ ದಿನಕ್ಕೆ ಎರಡು ಗಳಿಗೆ ತಡ" ಅಂತಲೂ ಹೇಳುತ್ತಿದ್ದಳು. ಎರಡು ಗಳಿಗೆ ಅಂದರೆ 48 ನಿಮಿಷ. ಪುಸ್ತಕದಲ್ಲಿ ಸುಮಾರು 50 ನಿಮಿಷ ಅಂತಿದೆ. ಅಕ್ಷರ ಬಾರದ ಹೆಂಗಸು. ಅವಳ ಕಥೆಯೊಳಗೆ ಲೆಕ್ಕ ಇತ್ತು, ಆ ಲೆಕ್ಕವನ್ನು ಹೊಳೆ ದಿನಾ ಎರಡು ಸಲ ಪರೀಕ್ಷೆ ಮಾಡುತ್ತಿತ್ತು. ತಪ್ಪಿದ್ದರೆ ಬುಟ್ಟಿ ಖಾಲಿ ಬರುತ್ತಿತ್ತು.

ರಾಹುವಿನ ಕಥೆಯೂ ಅದೇ ಸಮುದ್ರ ಕಡೆದ ಕಥೆಯೇ. ಅಮೃತ ಕದ್ದು ಕುಡಿದವನ ತಲೆ ಹೋಯಿತು, ಹೇಳಿಕೊಟ್ಟ ಸೂರ್ಯ ಚಂದ್ರರ ಮೇಲೆ ಅವನಿಗೆ ಹಗೆ. ಎಷ್ಟು ಒಳ್ಳೆ ಕಥೆ! ನಾನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಆಮೇಲೆ ಕೇಳುತ್ತೇನೆ, ಹಗೆ ಇದ್ದವನು ಪ್ರತಿ ಅಮಾವಾಸ್ಯೆಗೂ ಯಾಕೆ ಬರೋದಿಲ್ಲ? ಚಂದ್ರನ ದಾರಿ ಐದು ಡಿಗ್ರಿ ಓರೆಯಾಗಿದೆ. ಸೂರ್ಯನ ದಾರಿಯನ್ನು ಅದು ದಾಟುವ ಎರಡು ಜಾಗಗಳ ಹತ್ತಿರ ಅಮಾವಾಸ್ಯೆಯೋ ಹುಣ್ಣಿಮೆಯೋ ಆದರೆ ಮಾತ್ರ ಗ್ರಹಣ. ನಮ್ಮ ಜ್ಯೋತಿಷಿಗಳು ಆ ಎರಡು ಜಾಗಗಳಿಗೇ ರಾಹು, ಕೇತು ಅಂತ ಹೆಸರಿಟ್ಟು ಲೆಕ್ಕ ಮಾಡಿದರು. ಆರ್ಯಭಟ 499ರಲ್ಲೇ ಗ್ರಹಣ ಅಂದರೆ ನೆರಳು ಅಂತ ಬರೆದ. ಅವತ್ತು ನಮ್ಮ ಮನೆಯ ಬಾಗಿಲು ಹಾಕಿದ್ದು ಕೂಡ ಪಂಚಾಂಗದ ಆ ಲೆಕ್ಕ ನೋಡಿಯೇ. ಹೊತ್ತು ತಿಳಿಯಲು ನೆರಳಿನ ಲೆಕ್ಕ ಬೇಕಾಯಿತು. ಕೂಸಿನ ತುಟಿ ಸೀಳಿದಾಗ ಮಾತ್ರ ಲೆಕ್ಕ ಬೇಡವಾಯಿತು.

ಯಾರಾದರೂ ಎಣಿಸಬಹುದಿತ್ತು. ನಮ್ಮ ಕೇರಿಯಲ್ಲೇ ಆ ವರ್ಷ ಇನ್ನೂ ನಾಲ್ಕೈದು ಬಸುರಿಯರಿದ್ದರು. ಹೊಳೆಯಾಚೆ ಒಬ್ಬಳು ಗ್ರಹಣದ ಹೊತ್ತಿಗೇ ಸೊಪ್ಪು ಹೊತ್ತು ಬಂದಿದ್ದಳಂತೆ, ಅವಳ ಕೂಸು ಗುಂಡುಕಲ್ಲಿನ ಹಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೂಸು ಚೆನ್ನಾಗಿದ್ದರೆ ಗ್ರಹಣ ಮರೆತು ಹೋಗುತ್ತದೆ. ಊನ ಇದ್ದರೆ ಮಾತ್ರ ನೆನಪಿಗೆ ಬರುತ್ತದೆ. ಕಥೆ ಕಥೆಯಾಗಿದ್ದಷ್ಟು ದಿನ ಯಾರಿಗೂ ನೋವಿಲ್ಲ. ಅದು ಒಬ್ಬಳ ಮೇಲೆ ಬೆರಳು ತೋರಿಸಲು ಶುರು ಮಾಡಿದ ದಿನ ನಾವು ಅಡ್ಡ ನಿಂತು "ಎಲ್ಲಿ, ಎಣಿಸಿ ತೋರಿಸಿ" ಅನ್ನಬೇಕು. ನಾನು ಒಂಬತ್ತು ವರ್ಷಕ್ಕೆ ಅಡ್ಡ ನಿಲ್ಲಲಿಲ್ಲ, ಸಾಕ್ಷಿ ಹೇಳಿದೆ. ಐವತ್ತನಾಲ್ಕಕ್ಕೆ ಫೋನಿನಲ್ಲಿ ಅದನ್ನೇ ಇನ್ನೊಂದು ರೀತಿಯಲ್ಲಿ ಮಾಡಿದೆ. ಕ್ಷಮಿಸು.

ಮತ್ತೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಅದನ್ನು ನುಂಗಿದ ಮೇಲೆ ಕೂಡಲೇ ಚಹಾ ಕುಡಿಯಬೇಡ. ಐದನೇ ತಿಂಗಳ ಸ್ಕ್ಯಾನಿಂಗ್ ಸರಿ ಇದೆ ಅಂದೆ, ಆದರೂ ಆ ರಿಪೋರ್ಟಿನ ಫೋಟೋ ಅಪ್ಪನಿಗೆ ಕಳಿಸು, ಅವರಿಗೆ ಸಮಾಧಾನ. ನನಗೂ. ಟೆರೇಸಿನ ಮೆಟ್ಟಿಲಿಗೆ ಕಟಕಟೆ ಇದೆಯಾ? ಕತ್ತಲಲ್ಲಿ ಹತ್ತುವಾಗ ಟಾರ್ಚ್ ಹಿಡಿದುಕೋ. ಇದು ರಾಹುವಿನ ಭಯ ಅಲ್ಲ, ಮೆಟ್ಟಿಲಿನದು.

ಅವತ್ತು ರಾತ್ರಿ ಇಲ್ಲಿ ಮಳೆ ಮೋಡ. ಹನ್ನೊಂದರಿಂದ ಹನ್ನೆರಡೂ ಇಪ್ಪತ್ತರ ತನಕ ಪೂರ್ಣ ಗ್ರಹಣ ಅಂತ ಗೊತ್ತಿತ್ತು. ಜಗಲಿಯ ಮೇಲೆ ಕೂತೇ ಇದ್ದೆ, ಏನೂ ಕಾಣಲಿಲ್ಲ. ಬೆಂಗಳೂರಿನಲ್ಲಿ ಮೋಡ ಸರಿದು ಚಂದ್ರ ಕೆಂಪಗೆ ಕಂಡಿತು ಅಂತ ಅಳಿಯಂದಿರು ಅಪ್ಪನಿಗೆ ಹೇಳಿದರಂತೆ. ಭೂಮಿಯ ಅಂಚಿನಲ್ಲಿ ಆ ಹೊತ್ತಿಗೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ, ಅಲ್ಲಿನ ಕೆಂಪೆಲ್ಲ ಬಾಗಿ ಹೋಗಿ ಚಂದ್ರನ ಮೇಲೆ ಬೀಳುತ್ತದೆ. ಆ ಬೆಳಕಿನಲ್ಲಿ ನೀನು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದೆಯಂತೆ. ಕೇಳಿ ನನಗೆ ಅಳು ಬಂತು. ನನ್ನ ಮಗಳು ಹೊರಗೆ ನಿಂತು ನೋಡಿದಳು ಅಂತ ಹೆಮ್ಮೆಯೂ ಆಯಿತು. ಅದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ.

ಬರುವ ಭಾನುವಾರ ಊರಿಗೆ ಹೋಗುತ್ತೇನೆ. ಚಿಕ್ಕಿಯ ಹತ್ತಿರ ಹೇಳಬೇಕಾದ್ದನ್ನು ಹೇಳಿ ಬರುತ್ತೇನೆ. ನಿನ್ನ ಸೀಮಂತಕ್ಕೆ ಮೊದಲ ಉಡಿ ಅವಳೇ ತುಂಬಬೇಕು ಅಂತ ನನ್ನ ಆಸೆ. ನಾನು ಕರೆದರೆ ಅವಳು ಏನಾದರೂ ನೆಪ ಹೇಳುತ್ತಾಳೆ. ನೀನೇ ಕರೆಯಬೇಕು.

ಸೋಮವಾರ ಮೀಸೆ ಮಾವ ಬಂದಿದ್ದ. "ಬೆಂಗಳೂರಲ್ಲಿ ಕೂಸಿಗೆ ಚಂದ್ರ ಕಂಡಿತಾ, ಯಾವ ಬಣ್ಣ ಇತ್ತು" ಅಂತ ಅಮ್ಮ ಕೇಳುತ್ತಿದ್ದಾಳೆ ಅಂದ. ನನಗೆ ಹೇಳಲು ಗೊತ್ತಾಗಲಿಲ್ಲ. ಸಂಜೆ ಏಳರ ಮೇಲೆ ಅವನ ಫೋನಿಗೆ ಮಾಡು, ಬೋಟಿನಿಂದ ಬಂದಿರುತ್ತಾನೆ. ಅವಳಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳು.

ನಿನ್ನ
ಅಮ್ಮ